ಪಾಠಕ್ಕೆ ಮೊದಲೇ ಬಂದ ವ್ಯಾಕರಣ

ವಿದ್ಯಾರ್ಥಿಗಳೇ, ವ್ಯಾಕರಣ ಅಂದರೆ ಕಷ್ಟ ಅಂತೀರಲ್ಲ, ಒಂದು ಸಣ್ಣ ಪ್ರಯೋಗ ಮಾಡೋಣ. 'ಟೊಪಿಲೆ' ಎಂಬ ಪ್ರಾಣಿ ಇದೆ ಎಂದುಕೊಳ್ಳಿ. ಎರಡು ಇದ್ದರೆ ಏನನ್ನುತ್ತೀರಿ? 'ಟೊಪಿಲೆಗಳು'. ಹುಲ್ಲು ಹಾಕುವುದು ಯಾವುದಕ್ಕೆ? 'ಟೊಪಿಲೆಗೆ'. ಈ ಪದವನ್ನು ನೀವು ಹಿಂದೆ ಕೇಳಿಯೇ ಇಲ್ಲ. ಹಾಗಾದರೆ ಇದು ಬಾಯಿಪಾಠವಲ್ಲ, ನಿಮ್ಮ ಮಿದುಳಿನಲ್ಲಿ ನಿಯಮವೇ ಇದೆ. 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಇಂಥ ಹುಸಿ ಪದಗಳಿಂದಲೇ ಚಿಕ್ಕ ಮಕ್ಕಳನ್ನು ಪರೀಕ್ಷಿಸಿ ಇದನ್ನು ತೋರಿಸಿದರು.

ನಿಯಮ ಎಲ್ಲಿಂದ ಬಂತು? ಕೇಳಿದ ಮಾತಿನಿಂದ. 1996ರ ಒಂದು ಪ್ರಯೋಗದಲ್ಲಿ 8 ತಿಂಗಳ ಕೂಸುಗಳಿಗೆ ಅರ್ಥವಿಲ್ಲದ ಉಚ್ಚಾರಗಳನ್ನು ನಡುವೆ ಬಿಡುವಿಲ್ಲದೆ 2 ನಿಮಿಷ ಕೇಳಿಸಿದರು. ಯಾವುದರ ಹಿಂದೆ ಯಾವುದು ಮತ್ತೆ ಮತ್ತೆ ಬರುತ್ತದೆ ಎಂಬುದನ್ನು ಕೂಸುಗಳು ಗುರುತಿಸಿದವು!

ಈ ಕೆಲಸ ಮಿದುಳಿನಲ್ಲಿ ನಡೆಯುವುದೆಲ್ಲಿ? ಹೆಚ್ಚಿನವರಲ್ಲಿ ಎಡಭಾಗದಲ್ಲಿ. ಹಣೆಯ ಹಿಂದಿನ ಬ್ರೋಕಾ ಪ್ರದೇಶ ಮತ್ತು ಕಿವಿಯ ಮೇಲಿನ ಭಾಗ ನರತಂತುಗಳ ಕಟ್ಟಿನಿಂದ ಕೂಡಿ ಕೆಲಸ ಮಾಡುತ್ತವೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, 'ಟಾನ್' ಎಂದಷ್ಟೇ ಹೇಳಬಲ್ಲ ರೋಗಿಯ ಮಿದುಳಿನಲ್ಲಿ ಆ ಜಾಗ ಹಾಳಾಗಿದ್ದನ್ನು ಕಂಡರು.

ಈಗ ವಾಕ್ಯ ನೋಡಿ: 'ನಾಯಿಯನ್ನು ಬೆಕ್ಕು ಕಚ್ಚಿತು.' ನಾಯಿ ಮೊದಲು ಬಂದರೂ ಕಚ್ಚಿದ್ದು ಬೆಕ್ಕು ಅಂತ ಕೂಡಲೇ ತಿಳಿಯಿತಲ್ಲ? ಸುಳಿವು ಕೊಟ್ಟಿದ್ದು 'ಅನ್ನು'. ಕ್ರಿಯಾಪದ ಬರುವವರೆಗೆ ಮಿದುಳು ಎರಡೂ ಪದಗಳನ್ನು ನೆನಪಿನಲ್ಲಿ ಹಿಡಿದಿಟ್ಟಿರುತ್ತದೆ.

ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ಮಡತ್ತುಕುಳಂ ಸೀಮೆಯಲ್ಲಿ ಕನ್ನಡ ಮನೆಮಾತಿನ ಕುಟುಂಬಗಳಿವೆ. ಅಲ್ಲಿನ ಮಗುವಿಗೆ ಮನೆಯಲ್ಲಿ 'ನಾಯಿಯನ್ನು', ಶಾಲೆಯಲ್ಲಿ ತಮಿಳಿನ 'ನಾಯೈ'. ಕ್ರಿಯಾಪದ ಎರಡರಲ್ಲೂ ಕೊನೆಗೇ, ಪ್ರತ್ಯಯ ಮಾತ್ರ ಬೇರೆ. ಎರಡು ಭಾಷೆಯಾದರೆ ಮಗುವಿನ ತಲೆ ಕೆಡುತ್ತೆ ಅನ್ನುವವರಿದ್ದಾರೆ. ಹಾಗೇನಿಲ್ಲ. ಮಗು ಒಮ್ಮೊಮ್ಮೆ ಪದಗಳನ್ನು ಬೆರೆಸಬಹುದು, ಆದರೆ ಎರಡು ವ್ಯಾಕರಣವನ್ನೂ ಕಲಿಯುವ ಶಕ್ತಿ ಮಿದುಳಿಗಿದೆ. ಅದಕ್ಕೆ ಬೇಕಾದದ್ದು ಎರಡನ್ನೂ ದಿನಾ ಕೇಳುವುದು, ಆಡುವುದು. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮೊಮ್ಮಗು ತಮಿಳಿನಲ್ಲೇ ಉತ್ತರ ಕೊಡುತ್ತಾ ಹೋದರೆ, ಕನ್ನಡ ಅರ್ಥವಾಗುತ್ತದೆ, ನಾಲಗೆಗೆ ಮಾತ್ರ ಬರುವುದಿಲ್ಲ. ಬೆಂಗಳೂರಿನ ಮನೆಗಾದರೂ ಇದೇ ಮಾತು.

ಮಾಡಿ ನೋಡಿ: ನಾಲ್ಕೈದು ವರ್ಷದ ತಮ್ಮನಿಗೋ ತಂಗಿಗೋ 'ಟೊಪಿಲೆ' ಚಿತ್ರ ಬರೆದು ತೋರಿಸಿ. ಒಂದು, ಎರಡು, ಮೂರು ಎಂದು ಕೇಳುತ್ತಾ ಹೋಗಿ. ಉತ್ತರ ತಪ್ಪಿದರೂ ತಿದ್ದಬೇಡಿ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ. ಆ ತಪ್ಪಿನಲ್ಲೂ ಒಂದು ನಿಯಮ ಅಡಗಿದೆಯೇ ಎಂದು ತರಗತಿಯಲ್ಲಿ ಚರ್ಚಿಸಿ.