ನಾಲ್ಕು ಚಕ್ರಕ್ಕೂ ಬಲ: ಗಾಡಿಯ 2ಎಚ್, 4ಎಚ್, 4ಎಲ್ ಅಂದರೇನು?

(ಚಾಲಕರಿಗೆ, ಕ್ಷೇತ್ರ ಕಾರ್ಯಕರ್ತರಿಗೆ ಮತ್ತು ಸ್ವಯಂಸೇವಕರಿಗೆ ಒಂದು ಪಾಠ)

ಪೀಠಿಕೆ

‘ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಅಂತ ಟಾರು ರಸ್ತೆಯಲ್ಲೇ ಓಡಾಡುವ ನಮಗೆ ಫೋರ್ ವೀಲ್ ಡ್ರೈವ್ ಯಾಕೆ?’ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾಗಿದೆ. ವರ್ಷದ ಬಹುಪಾಲು ದಿನ ಅದು ಬೇಕಾಗುವುದಿಲ್ಲ. ಆದರೆ ಬೇಕಾಗುವ ದಿನ ಹೇಳಿ ಕೇಳಿ ಬರುವುದಿಲ್ಲ. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಉಕ್ಕಿ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿತು. 2024ರ ಅಕ್ಟೋಬರಿನಲ್ಲಿ ಅದೇ ಜಾಗ ಮತ್ತೆ ಮುಳುಗಿತು, ಜನರನ್ನು ದೋಣಿಗಳಲ್ಲಿ ಹೊರಗೆ ತರಬೇಕಾಯಿತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಬೆಂಗಳೂರಿನಿಂದ ಅಕ್ಕಿ, ಹೊದಿಕೆ, ಔಷಧಿ ಹೊತ್ತು ಎಷ್ಟೋ ಗಾಡಿಗಳು ಹೊರಟವು. ಅಂಥ ದಿನ ಗಾಡಿ ಕೆಸರಿನಲ್ಲಿ ಹೂತುಕೊಂಡರೆ ಕಾಯುತ್ತಿರುವ ಕುಟುಂಬಕ್ಕೆ ಊಟವಿಲ್ಲ. ಜೊತೆಗೆ ಗಾಡಿಯನ್ನು ಎಳೆಯಲು ಇನ್ನೊಂದು ಗಾಡಿ, ಹತ್ತು ಜನ ಬೇಕು. ಸಹಾಯಕ್ಕೆ ಹೋದವರೇ ಸಹಾಯ ಕೇಳುವ ಸ್ಥಿತಿ ಬರಬಾರದು.

ಬೊಲೆರೊ ಕ್ಯಾಂಪರ್, ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಇಂಥ ಪಿಕಪ್‌ಗಳಲ್ಲಿ, ಥಾರ್, ಜಿಮ್ನಿ ಇಂಥ ಜೀಪುಗಳಲ್ಲಿ ಫೋರ್ ವೀಲ್ ಡ್ರೈವ್ ಇರುವ ಮಾದರಿಗಳಿವೆ. ಕೆಲವದರಲ್ಲಿ ಗೇರ್ ಪಕ್ಕ ಸಣ್ಣ ಲಿವರ್, ಕೆಲವದರಲ್ಲಿ ತಿರುಗಿಸುವ ಗುಂಡಿ. ಲಿವರ್ ಇದೆ, ಆದರೆ ಅದನ್ನು ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಅಂತ ಹೇಳಿಕೊಟ್ಟವರು ಕಡಿಮೆ.

1. ಗಾಡಿಯ ಒಳಗೆ ಏನು ನಡೆಯುತ್ತದೆ?

ಸಾಮಾನ್ಯ ಪಿಕಪ್‌ನಲ್ಲಿ ಇಂಜಿನ್ನಿನ ಶಕ್ತಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಮುಂದಿನ ಚಕ್ರಗಳು ಸುಮ್ಮನೆ ಉರುಳುತ್ತವೆ, ದಿಕ್ಕು ತೋರಿಸುತ್ತವೆ. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಗೇರ್ ಬಾಕ್ಸಿನ ಹಿಂದೆ ‘ಟ್ರಾನ್ಸ್‌ಫರ್ ಕೇಸ್’ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಲಿವರ್ ಹಾಕಿದಾಗ ಅದು ಮುಂದಿನ ಚಕ್ರಗಳಿಗೂ ಶಕ್ತಿ ಹಂಚುತ್ತದೆ. ಹೀಗೆ ಹಂಚುವಾಗ ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಒಂದಕ್ಕೊಂದು ಬಿಗಿದುಬಿಡುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಮುಂದಿನ ಎಲ್ಲ ನಿಯಮಗಳೂ ಈ ಒಂದು ಮಾತಿನಿಂದ ಹುಟ್ಟುತ್ತವೆ.

ಶಾಲೆಯ ಮೈದಾನದಲ್ಲಿ ಮಕ್ಕಳ ಕವಾಯತು ನೋಡಿದ್ದೀರಲ್ಲ? ಸಾಲು ತಿರುಗುವಾಗ ಒಳಗಿನ ಮಗು ನಿಂತಲ್ಲೇ ಹೆಜ್ಜೆ ಹಾಕುತ್ತದೆ, ಹೊರಗಿನ ಮಗು ದಾಪುಗಾಲು ಹಾಕಬೇಕು. ಗಾಡಿ ತಿರುಗುವಾಗಲೂ ಹಾಗೆಯೇ. ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಸಣ್ಣ ಸುತ್ತು. ಮೂರು ಮೀಟರ್ ಅಂತರದಲ್ಲಿ ಚಕ್ರಗಳಿರುವ ಪಿಕಪ್ ಒಂದು ಯೂ-ಟರ್ನ್ ಮಾಡಿದರೆ ಮುಂದಿನ ಚಕ್ರಗಳು ಸುಮಾರು 19 ಮೀಟರ್ ಓಡುತ್ತವೆ, ಹಿಂದಿನವು ಸುಮಾರು 16 ಮೀಟರ್. ಅಂದರೆ ಮುಂದಿನ ಚಕ್ರ ಒಂದು ಸುತ್ತಿಗಿಂತ ಹೆಚ್ಚು ತಿರುಗಬೇಕು. ಆದರೆ ಶಾಫ್ಟುಗಳು ಬಿಗಿದಿವೆ, ಬಿಡುವುದಿಲ್ಲ!

ಕೆಸರಿನಲ್ಲಿ, ಮರಳಿನಲ್ಲಿ ಟಯರ್ ಸ್ವಲ್ಪ ಜಾರಿ ಈ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಟಾರಿನ ಮೇಲೆ ಜಾರಲು ಜಾಗವಿಲ್ಲ. ಸ್ಟೇರಿಂಗ್ ಭಾರವಾಗುತ್ತದೆ, ಗಾಡಿ ಹಿಡಿದು ಹಿಡಿದು ಕುಪ್ಪಳಿಸಿದಂತೆ ಹೋಗುತ್ತದೆ, ಟಯರ್ ಸವೆಯುತ್ತದೆ. ಹಟ ಹಿಡಿದು ಓಡಿಸಿದರೆ ಟ್ರಾನ್ಸ್‌ಫರ್ ಕೇಸಿಗೇ ಪೆಟ್ಟು. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಅಕ್ಕಿ ಮೂಟೆ ತುಂಬಿಕೊಂಡು, ‘ಲೋಡು ಜಾಸ್ತಿ ಇದೆ, ಇರಲಿ’ ಅಂತ 4ಎಚ್ ಹಾಕಿ ಬಳ್ಳಾರಿ ರಸ್ತೆಯಲ್ಲಿ ಬಂದರೆ ಆಗುವುದು ಇದೇ. ಲೋಡು ಹೆಚ್ಚಾದರೆ ಕೆಳಗಿನ ಗೇರ್ ಹಾಕಿ. ನಾಲ್ಕು ಚಕ್ರದ ಲಿವರ್ ಲೋಡಿಗಾಗಿ ಇರುವುದಲ್ಲ, ನೆಲದ ಹಿಡಿತಕ್ಕಾಗಿ ಇರುವುದು.

2. ಮೂರು ಸ್ಥಾನಗಳು

2ಎಚ್: ಎರಡು ಚಕ್ರಕ್ಕೆ ಶಕ್ತಿ, ಸಾಮಾನ್ಯ ವೇಗ. ಟಾರು, ಕಾಂಕ್ರೀಟು, ಊರೊಳಗಿನ ರಸ್ತೆ, ಹೆದ್ದಾರಿ ಎಲ್ಲಕ್ಕೂ ಇದೇ. ನಂದಿ ಬೆಟ್ಟದ ಟಾರು ರಸ್ತೆಯನ್ನು ಇಳಿಯುವಾಗಲೂ ಇದೇ. ಬ್ರೇಕನ್ನು ಒತ್ತುತ್ತಲೇ ಇಳಿಯಬೇಡಿ, ಎರಡನೇ ಗೇರಿನಲ್ಲಿ ಇಂಜಿನ್ ಹಿಡಿತದಿಂದ ಇಳಿಯಿರಿ.

4ಎಚ್: ನಾಲ್ಕೂ ಚಕ್ರಕ್ಕೆ ಶಕ್ತಿ, ಸಾಮಾನ್ಯ ಗೇರ್. ಮಳೆ ಬಿದ್ದ ಮಣ್ಣಿನ ರಸ್ತೆ, ತೆಳು ಕೆಸರು, ಜಲ್ಲಿ ಕಿತ್ತ ದಾರಿ, ಒದ್ದೆ ಹುಲ್ಲಿನ ಮೈದಾನ ಇಂಥ ಕಡೆಗೆ. ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ಕೆಂಪು ಮಣ್ಣು ಒಣಗಿದಾಗ ಗಟ್ಟಿ, ಒದ್ದೆಯಾದರೆ ಸೋಪು ಹಚ್ಚಿದ ನೆಲ. ಅಲ್ಲಿ ಇದು ಒಳ್ಳೆಯದು.

4ಎಲ್: ನಾಲ್ಕೂ ಚಕ್ರಕ್ಕೆ ಶಕ್ತಿ, ಆದರೆ ಬಹಳ ನಿಧಾನ. ಟ್ರಾನ್ಸ್‌ಫರ್ ಕೇಸಿನೊಳಗಿನ ಇನ್ನೊಂದು ಜೊತೆ ಹಲ್ಲುಗಳು ವೇಗವನ್ನು ಸುಮಾರು ಎರಡೂವರೆ ಪಟ್ಟು ಇಳಿಸಿ, ಎಳೆಯುವ ಬಲವನ್ನು ಅಷ್ಟೇ ಪಟ್ಟು ಏರಿಸುತ್ತವೆ. ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದಿದ್ದರೂ ಗಾಡಿ ಅಜ್ಜಿಯ ನಡಿಗೆಯಂತೆ ಸಾಗುತ್ತದೆ. ಆಳ ಕೆಸರು, ಕಲ್ಲು ದಾರಿ, ಕಡಿದಾದ ಮಣ್ಣಿನ ಏರು, ಅದಕ್ಕಿಂತ ಮುಖ್ಯವಾಗಿ ಕಡಿದಾದ ಮಣ್ಣಿನ ಇಳಿಜಾರು, ಇವುಗಳಿಗೆ ಇದು. ಇಳಿಯುವಾಗ ಮೊದಲ ಗೇರ್ ಹಾಕಿ, ಕ್ಲಚ್ಚಿನಿಂದ ಕಾಲು ತೆಗೆಯಿರಿ. ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಕ್ಲಚ್ ಒತ್ತಿದಿರೋ, ಹಿಡಿತ ಹೋಯಿತು. ಕೊಡಗಿನ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪು ಚಾಲಕರನ್ನು ಗಮನಿಸಿ. ಕಲ್ಲಿನ ದಾರಿಯಲ್ಲಿ ಅವಸರ ಮಾಡುವುದಿಲ್ಲ.

3. ಹಾಕುವ, ತೆಗೆಯುವ ಕ್ರಮ

ಅ) ಕೆಸರು ಕಾಣುವಾಗಲೇ ಹಾಕಿ. ಹೂತ ಮೇಲೆ ಹಾಕುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ.

ಆ) 2ಎಚ್‌ನಿಂದ 4ಎಚ್‌ಗೆ ಎಷ್ಟೋ ಗಾಡಿಗಳಲ್ಲಿ ಓಡುತ್ತಿರುವಾಗಲೇ ಹಾಕಬಹುದು. ಸ್ಟೇರಿಂಗ್ ನೇರವಾಗಿರಬೇಕು, ಚಕ್ರ ಜಾರುತ್ತಿರಬಾರದು. ಎಷ್ಟು ವೇಗದವರೆಗೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಗಾಡಿಯ ಪುಸ್ತಕ ನೋಡಿ.

ಇ) 4ಎಲ್‌ಗೆ ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ, ಗೇರ್ ನ್ಯೂಟ್ರಲ್‌ಗೆ ತಂದು ಆಮೇಲೆ ಹಾಕಿ. ತೆಗೆಯುವಾಗಲೂ ಹಾಗೆಯೇ.

ಈ) ಹಳೇ ಜೀಪುಗಳಲ್ಲಿ ಮುಂದಿನ ಚಕ್ರದ ನಡುವೆ ಕೈಯಿಂದ ತಿರುಗಿಸುವ ಹಬ್ ಇರುತ್ತದೆ. ಕೆಳಗಿಳಿದು ಎರಡೂ ಕಡೆ ‘ಲಾಕ್’ ಮಾಡದಿದ್ದರೆ ಒಳಗೆ ಲಿವರ್ ಹಾಕಿಯೂ ಪ್ರಯೋಜನವಿಲ್ಲ.

ಉ) ಟಾರಿಗೆ ಬಂದ ಕೂಡಲೇ 2ಎಚ್‌ಗೆ ತನ್ನಿ. ದೀಪ ಮಿನುಗುತ್ತಲೇ ಇದ್ದರೆ, ಲಿವರ್ ಬಿಗಿದುಕೊಂಡಿದ್ದರೆ ಗಾಬರಿ ಬೇಡ. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು ನೇರವಾಗಿ ಕೆಲವು ಮೀಟರ್ ರಿವರ್ಸ್ ತೆಗೆದುಕೊಳ್ಳಿ. ಬಿಗಿತ ಸಡಿಲವಾಗಿ ಲಿವರ್ ಬಿಡುತ್ತದೆ.

4. ಇದು ಏನನ್ನು ಮಾಡುವುದಿಲ್ಲ?

ಬೇಗ ನಿಲ್ಲಿಸುವುದಿಲ್ಲ. ಎಲ್ಲ ಗಾಡಿಗಳಿಗೂ ನಾಲ್ಕು ಚಕ್ರಕ್ಕೂ ಬ್ರೇಕ್ ಇದ್ದೇ ಇರುತ್ತದೆ. ನಾಲ್ಕು ಚಕ್ರದ ಬಲ ಹೊರಡುವುದಕ್ಕೆ ಸಹಾಯ ಮಾಡುತ್ತದೆ, ನಿಲ್ಲುವುದಕ್ಕಲ್ಲ. ಸುಲಭವಾಗಿ ಹೊರಟೆವು ಎಂದು ವೇಗ ಏರಿಸಿದವರೇ ಒದ್ದೆ ತಿರುವಿನಲ್ಲಿ ಜಾರುವುದು.

ಯಾವಾಗಲೂ ನಾಲ್ಕೂ ಚಕ್ರ ಎಳೆಯುವುದಿಲ್ಲ. ಒಂದೇ ಅಚ್ಚಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಇದೆ. ಒಂದು ಚಕ್ರ ಗುಂಡಿಯ ಮೇಲೆ ತೂಗಿದರೆ ಅದೇ ಗಿರ್ರನೆ ಸುತ್ತುತ್ತದೆ, ಜೊತೆಯ ಚಕ್ರ ಸುಮ್ಮನಿರುತ್ತದೆ. ಮುಂದೆ ಒಂದು, ಹಿಂದೆ ಅದರ ಎದುರು ಮೂಲೆಯದು ಒಂದು ತೂಗಿದರೆ 4ಎಲ್ ಹಾಕಿಯೂ ಗಾಡಿ ಕದಲುವುದಿಲ್ಲ. ಡಿಫರೆನ್ಷಿಯಲ್ ಲಾಕ್ ಇರುವ ಗಾಡಿಯಾದರೆ ಆಗ ಅದನ್ನು ಬಳಸಿ. ಇಲ್ಲದಿದ್ದರೆ ಆಕ್ಸಿಲರೇಟರ್ ತುಳಿಯುವುದನ್ನು ನಿಲ್ಲಿಸಿ ಕೆಳಗಿಳಿಯಿರಿ. ಸುತ್ತುವ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಗುದ್ದಲಿಯಿಂದ ಮಣ್ಣು ತೆಗೆದು, ಕಲ್ಲು, ಹಲಗೆ, ಗೋಣಿಚೀಲ ಕೊಟ್ಟು ಮೆಲ್ಲಗೆ ಹೊರಡಿ. ಮರಳು, ಮೆದು ಕೆಸರಿನಲ್ಲಿ ಟಯರಿನ ಗಾಳಿ ಸ್ವಲ್ಪ ಇಳಿಸಿದರೆ ಟಯರ್ ಅಗಲವಾಗಿ ನೆಲ ಹಿಡಿಯುತ್ತದೆ. ಆದರೆ ತುಂಬಿದ ಲೋಡಿನಲ್ಲಿ ಇಳಿಸಬೇಡಿ, ಟಾರಿಗೆ ಬಂದ ಮೇಲೆ ಮತ್ತೆ ತುಂಬಿಸದೆ ವೇಗವಾಗಿ ಓಡಿಸಬೇಡಿ.

ಗಾಡಿಯನ್ನು ದೋಣಿ ಮಾಡುವುದಿಲ್ಲ. ಥಾರ್ 650 ಮಿ.ಮೀ., ಹೈಲಕ್ಸ್ 700 ಮಿ.ಮೀ. ನೀರು ದಾಟಬಲ್ಲದು ಎಂದು ಕಂಪನಿಗಳು ಹೇಳುತ್ತವೆ. ಹರಿಯುವ ನೀರಿನ ಮಾತು ಬೇರೆ. ಒಂದಡಿ ರಭಸದ ನೀರು ಸಣ್ಣ ಕಾರನ್ನು ತೇಲಿಸಬಹುದು, ಎರಡಡಿ ನೀರು ಪಿಕಪ್ಪನ್ನೂ ಕೊಚ್ಚಿಕೊಂಡು ಹೋಗಬಹುದು. ರಾಜಕಾಲುವೆ ಉಕ್ಕಿದಾಗ ರಸ್ತೆ ಎಲ್ಲಿ, ಕಾಲುವೆ ಎಲ್ಲಿ, ತೆರೆದ ಮ್ಯಾನ್‌ಹೋಲ್ ಎಲ್ಲಿ ಅಂತ ಕಾಣುವುದೇ ಇಲ್ಲ. ಆಳ ಗೊತ್ತಿಲ್ಲದ, ಹರಿಯುವ ನೀರಿಗೆ ಇಳಿಯಲೇಬೇಡಿ. ನಿಂತ ನೀರು, ಮೊಣಕಾಲಿಗಿಂತ ಕಡಿಮೆ, ಕೆಳಗೆ ಗಟ್ಟಿ ನೆಲ ಎಂದು ಖಚಿತವಿದ್ದರೆ ಮಾತ್ರ ಕೆಳಗಿನ ಗೇರಿನಲ್ಲಿ, ಒಂದೇ ವೇಗದಲ್ಲಿ, ನಡುವೆ ಗೇರ್ ಬದಲಿಸದೆ ದಾಟಿ. ನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಒಳಗೆ ನೀರು ಹೊಕ್ಕಿದ್ದರೆ ಇಂಜಿನ್ ಮುರಿಯುತ್ತದೆ. ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿ ಒಣಗಿಸಿ.

5. ಎಳೆಯುವಾಗ, ತಳ್ಳುವಾಗ

ಗಾಡಿ ಹೂತರೆ ಸ್ವಯಂಸೇವಕರು ಉತ್ಸಾಹದಿಂದ ಹಿಂದೆ ಬಂದು ನಿಲ್ಲುತ್ತಾರೆ. ಸುತ್ತುವ ಚಕ್ರದ ನೇರ ಹಿಂದೆ ಯಾರೂ ನಿಲ್ಲಬಾರದು, ಕಲ್ಲು ಗುಂಡಿನಂತೆ ಹಾರಿಬರುತ್ತದೆ. ಏರಿನಲ್ಲಿ ಸಿಕ್ಕಿದ ಗಾಡಿಯ ಹಿಂದಂತೂ ಬೇಡವೇ ಬೇಡ. ಹಗ್ಗವನ್ನು ಬಂಪರಿಗೆ ಕಟ್ಟಬೇಡಿ, ಚಾಸಿಗೆ ಸೇರಿದ ಕೊಕ್ಕೆಗೆ ಕಟ್ಟಿ. ಎಳೆಯುವಾಗ ಹಗ್ಗ ಹರಿದರೆ ಚಾಟಿಯಂತೆ ಬೀಸುತ್ತದೆ. ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಎಲ್ಲರೂ ನಿಲ್ಲಿ, ಮಕ್ಕಳನ್ನು ಇನ್ನೂ ದೂರ ಕಳಿಸಿ.

6. ಗಾಡಿಯ ಆರೈಕೆ

ನಾಲ್ಕೂ ಟಯರ್ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಲಿ. ‘ಈ ವರ್ಷ ದುಡ್ಡು ಕಡಿಮೆ, ಮುಂದಿನ ಎರಡು ಮಾತ್ರ ಹೊಸದು ಹಾಕಿಸೋಣ’ ಎನ್ನುವ ಉಳಿತಾಯ ಇಲ್ಲಿ ದುಬಾರಿ. ಹೊಸ ಟಯರಿನ ಸುತ್ತಳತೆ ದೊಡ್ಡದು, ಸವೆದದ್ದರದು ಚಿಕ್ಕದು. 4ಎಚ್ ಹಾಕಿದಾಗ ನೇರ ದಾರಿಯಲ್ಲೂ ಶಾಫ್ಟುಗಳು ಜಗಳವಾಡುತ್ತವೆ. ತಿಂಗಳಿಗೊಮ್ಮೆಯಾದರೂ ಮಣ್ಣಿನ ಮೈದಾನದಲ್ಲಿ 4ಎಚ್ ಹಾಕಿ ಸ್ವಲ್ಪ ದೂರ ಓಡಿಸಿ. ಒಳಗಿನ ಹಲ್ಲುಗಳಿಗೆ ಎಣ್ಣೆ ಆಡುತ್ತದೆ, ಲಿವರ್ ತುಕ್ಕು ಹಿಡಿಯುವುದಿಲ್ಲ. ಗಾಡಿ ಆಳದ ನೀರಿನಲ್ಲಿ ನಿಂತಿದ್ದರೆ ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಡಿಫರೆನ್ಷಿಯಲ್ ಎಣ್ಣೆಗಳನ್ನು ಪರೀಕ್ಷಿಸಿ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಬದಲಿಸಲೇಬೇಕು.

7. ‘ಬೇಡ’ ಎನ್ನುವ ಹಕ್ಕು ಯಾರದು?

ಇದು ಸಂಯೋಜಕರಿಗೆ, ಮೇಲ್ವಿಚಾರಕರಿಗೆ ಹೇಳುವ ಮಾತು. ಪರಿಹಾರ ಕೆಲಸದಲ್ಲಿ ಪಟ್ಟಿ ನಮ್ಮ ಕೈಯಲ್ಲಿರುತ್ತದೆ, ಫೋನು ನಮಗೆ ಬರುತ್ತದೆ, ಅವಸರ ನಮ್ಮದು. ಸ್ಟೇರಿಂಗ್ ಹಿಡಿದವರು ಸಾಮಾನ್ಯವಾಗಿ ನಮಗಿಂತ ಕಡಿಮೆ ಓದಿದವರು, ಕಡಿಮೆ ಸಂಬಳದವರು. ‘ಅಲ್ಲಿ ಜನ ಕಾಯ್ತಿದ್ದಾರೆ, ಫೋರ್ ವೀಲ್ ಇದೆಯಲ್ಲ, ಹೋಗ್ರೀ’ ಎಂದರೆ ಅವರು ಎದುರಾಡುವುದು ಕಷ್ಟ. ಆದರೆ ನೆಲ ಹೇಗಿದೆ ಎಂಬುದು ಅವರ ಕೈಗೆ, ಕಾಲಿಗೆ ಗೊತ್ತಾಗುತ್ತದೆ, ಹಿಂದೆ ಕೂತ ನಮಗಲ್ಲ. ಆದ್ದರಿಂದ ಹೊರಡುವ ಮುಂಚೆಯೇ ಎಲ್ಲರ ಮುಂದೆ ಒಪ್ಪಿಕೊಳ್ಳಿ: ದಾರಿಯಲ್ಲಿ ಡ್ರೈವರ್ ‘ಬೇಡ’ ಎಂದರೆ ಬೇಡ. ಕಾರಣ ಆಮೇಲೆ ಕೇಳೋಣ. ವಾಪಸ್ ಬಂದ ಗಾಡಿಯನ್ನು ನಾಳೆ ಮತ್ತೆ ಕಳಿಸಬಹುದು, ಕೊಚ್ಚಿಹೋದದ್ದನ್ನು ಕಳಿಸಲಾಗುವುದಿಲ್ಲ.

ಇನ್ನೊಂದು ಮಾತು. ಲೈಸೆನ್ಸ್ ಇರುವ ಸಹೋದರಿಯರೂ ಈ ಲಿವರ್ ಬಳಸುವುದನ್ನು ಕಲಿಯಲಿ. ‘ಅದು ಡ್ರೈವರ್ ಅಣ್ಣನಿಗೆ ಗೊತ್ತು’ ಎಂದರೆ ಆ ಅಣ್ಣನಿಗೆ ಜ್ವರ ಬಂದ ದಿನ ಗಾಡಿ ಶೆಡ್ಡಿನಲ್ಲೇ.

ಗುಂಪಿನಲ್ಲಿ ಚರ್ಚಿಸಿ

1. ನಮ್ಮ ಗಾಡಿಯಲ್ಲಿ ಲಿವರ್ ಇದೆಯೇ, ಗುಂಡಿಯೇ? ಪುಸ್ತಕ ಎಲ್ಲಿದೆ? ಅದರಲ್ಲಿ 4ಎಚ್ ಹಾಕಬಹುದಾದ ವೇಗ ಎಷ್ಟು?
2. ಮಳೆಗಾಲದಲ್ಲಿ ನಮ್ಮ ಪ್ರದೇಶದ ಯಾವ ದಾರಿಗಳಲ್ಲಿ ನೀರು ನಿಲ್ಲುತ್ತದೆ, ಯಾವುದರಲ್ಲಿ ಹರಿಯುತ್ತದೆ?
3. ಗಾಡಿಯಲ್ಲಿ ಹಗ್ಗ, ಗುದ್ದಲಿ, ಎರಡು ಹಲಗೆ, ಗೋಣಿಚೀಲ, ಟಾರ್ಚ್, ಗಾಳಿ ಪಂಪು ಇವೆಯೇ?

ಮಾಡಿ ನೋಡಿ: ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಮಧ್ಯಾಹ್ನ ಖಾಲಿ ಮಣ್ಣಿನ ಮೈದಾನದಲ್ಲಿ ಪ್ರತಿಯೊಬ್ಬ ಚಾಲಕರೂ 2ಎಚ್, 4ಎಚ್, 4ಎಲ್ ಮೂರನ್ನೂ ತಮ್ಮ ಕೈಯಿಂದಲೇ ಮೂರು ಸಲ ಹಾಕಿ ತೆಗೆಯಲಿ. ಒಬ್ಬರು ಹಾಕುವಾಗ ಇನ್ನೊಬ್ಬರು ಕೆಳಗೆ ನಿಂತು ಯಾವ ಚಕ್ರ ಎಳೆಯುತ್ತಿದೆ ಎಂದು ನೋಡಲಿ.