ಬ್ರಿಟನ್ನಿನ ನಿರ್ಗಮನ ಮತ್ತು ಸರಕಿನ ಮೂಲ

2016ರ ಜೂನ್ 23ರ ಜನಮತಗಣನೆಯಲ್ಲಿ ಮತ ಚಲಾಯಿಸಿದ ಬ್ರಿಟಿಷರ ಪೈಕಿ ಶೇ. 51.9ರಷ್ಟು ಮಂದಿ ಐರೋಪ್ಯ ಒಕ್ಕೂಟವನ್ನು ತೊರೆಯಬೇಕೆಂದರು. ವಲಸೆಯ ಕುರಿತ ಆತಂಕ, ಕಾರ್ಖಾನೆಗಳನ್ನು ಕಳೆದುಕೊಂಡ ಊರುಗಳ ಬೇಸರ, ಬ್ರಸೆಲ್ಸ್‌ನ ಅಧಿಕಾರಿಗಳ ಮೇಲಿನ ಅವಿಶ್ವಾಸ, ಇವೆಲ್ಲವನ್ನೂ ಜನರಂಜಕ ರಾಜಕಾರಣವು ‘ನಿಯಂತ್ರಣವನ್ನು ಮರಳಿ ಪಡೆಯೋಣ’ ಎಂಬ ಒಂದೇ ಘೋಷಣೆಯಲ್ಲಿ ಅಡಗಿಸಿತು. ಆ ಅಸಮಾಧಾನ ಹುಸಿಯಾಗಿರಲಿಲ್ಲ. ಕಸ್ಟಮ್ಸ್ ಕಾಗದಪತ್ರಗಳ ಪ್ರಸ್ತಾಪ ಮಾತ್ರ ಘೋಷಣೆಯಲ್ಲಿರಲಿಲ್ಲ.

ಬ್ರಿಟನ್ 2020ರ ಜನವರಿ 31ರಂದು ಹೊರಬಂದಿತು. 2021ರ ಜನವರಿ 1ರಿಂದ ಅನ್ವಯವಾದ ವ್ಯಾಪಾರ ಒಪ್ಪಂದದಂತೆ ಪರಸ್ಪರ ಸರಕುಗಳಿಗೆ ಸುಂಕವಿಲ್ಲ. ಆದರೆ ಸರಕಿನ ಮೂಲ ಬ್ರಿಟನ್ ಅಥವಾ ಒಕ್ಕೂಟವೆಂದು ಸಾಬೀತಾಗಬೇಕು. ವರ್ತಕರು ಗಮನಿಸಬೇಕಾದುದು ಇದನ್ನೇ. ಭಾರತದ ಸಿದ್ಧ ಉಡುಪನ್ನು ಲಂಡನ್ನಿಗೆ ತರಿಸಿ, ಸುಂಕ ತೆತ್ತು, ಇದ್ದಂತೆಯೇ ಡಬ್ಲಿನ್ನಿಗೆ ಕಳುಹಿಸಿದರೆ ಅದು ಬ್ರಿಟನ್ನಿನ ಸರಕೆನಿಸದು. ಅಲ್ಲಿ ಒಕ್ಕೂಟದ ಸುಂಕವನ್ನು ಮತ್ತೆ ತೆರಬೇಕು. ಹಿಂದೆ ಒಮ್ಮೆ ಸುಂಕ ಕಟ್ಟಿದ ಸರಕು 28 ದೇಶಗಳಲ್ಲಿಯೂ ನಿರಾತಂಕವಾಗಿ ಸಂಚರಿಸುತ್ತಿತ್ತು.

ಸುಂಕವಿಲ್ಲದ ಸರಕಿಗೂ ಘೋಷಣಾಪತ್ರ ಬೇಕಾಯಿತು. ಮಾಂಸ, ಚೀಸ್‌ಗಳಿಗೆ ಪಶುವೈದ್ಯರ ದೃಢೀಕರಣವೂ ಸೇರಿತು. ದೊಡ್ಡ ಕಂಪನಿಯು ತುಂಬಿದ ಕಂಟೇನರಿನ ಮೇಲೆ ಹಂಚಿಕೊಳ್ಳುವ ಈ ವೆಚ್ಚವನ್ನು ಸಣ್ಣ ಉತ್ಪಾದಕನು ಹತ್ತು ಪೆಟ್ಟಿಗೆಗಳ ಮೇಲೆಯೇ ಹೇರಬೇಕು.

ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿದ್ದಿದೆ. ಅದರ ರಿಯಾಯಿತಿಯೂ ಬ್ರಿಟನ್ನಿನ ಗಡಿಯವರೆಗೆ ಮಾತ್ರ.