ಐಸ್ ಬೇಡ ಎಂದರೂ ಕೇಳಲಿಲ್ಲ

ಬಿಳಿ ರಕ್ತಕಣಗಳ ಮೇಲೆ ಕೆಲಸ ಮಾಡಲು ಹಳ್ಳಿಗೆ ಹೊರಟಿರುವ ಎಳೆಯ ಸಂಶೋಧಕರಿಗೆ ನಾನು ಮೊದಲು ಹೇಳುವ ಮಾತು ಒಂದೇ: ರಕ್ತದ ಟ್ಯೂಬುಗಳನ್ನು ಐಸ್ ಮೇಲೆ ಇಡಬೇಡಿ, ಬೇರೆಯವರು ಇಡಲೂ ಬಿಡಬೇಡಿ. ಪುಸ್ತಕದಲ್ಲಿ ಇದು ಒಂದು ಸಾಲಿನ ಸೂಚನೆ. ನನಗೆ ಇದು ಸುರಪುರ ತಾಲ್ಲೂಕಿನ ಒಂದು ತಾಂಡಾದಲ್ಲಿ ಜನರ ಮುಂದೆ ತಲೆ ತಗ್ಗಿಸಿ ನಿಲ್ಲುವಂತೆ ಮಾಡಿದ ವಿಷಯ. ಅದಕ್ಕೆ ಕಾರಣರಾದವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವವರೆಗೆ ಕಾದರೆ ಬರೆಯುವುದೇ ಆಗಲಿಕ್ಕಿಲ್ಲ.

ಆ ಭಾಗದ ನೀರಿನ ಕಥೆ ನಮ್ಮ ಕಡೆಯವರಿಗೆ ಗೊತ್ತಿದೆ. ಮಂಗಳೂರು ಎಂಬ ಊರು ಸುರಪುರದ ಹತ್ತಿರವೂ ಒಂದಿದೆ. ಅಲ್ಲಿ ಹಿಂದೆ ಚಿನ್ನದ ಗಣಿ ಇತ್ತು. ಅದರ ಸಮೀಪದ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ, ಅಂಗಾಲುಗಳಲ್ಲಿ ಗಂಟುಗಳು ಕಾಣಿಸಿಕೊಂಡವು. ಜಾಧವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪರೀಕ್ಷಿಸಿದ 59 ಕೊಳವೆಬಾವಿ ಮಾದರಿಗಳಲ್ಲಿ ಶೇ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ಮೀರಿತ್ತು; ಅತಿ ಹೆಚ್ಚು ಎಂದರೆ 303. ಚರ್ಮ ನೋಡಿಸಿಕೊಂಡ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆರ್ಸೆನಿಕ್ ಗುರುತುಗಳಿದ್ದವು. ನಾನು ಹುಟ್ಟಿ ಬೆಳೆದದ್ದು ಲಿಂಗಸುಗೂರು ಕಡೆ, ಹಟ್ಟಿ ಗಣಿಯ ಸುದ್ದಿ ಕೇಳುತ್ತಲೇ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಇಲಿಯ ಕೋಶಗಳಿಗೆ ಆರ್ಸೆನಿಕ್ ಹಾಕಿ ಪ್ರಬಂಧ ಬರೆಯುತ್ತಿದ್ದ ನನಗೆ, ಅದೇ ವಿಷವನ್ನು ಕುಡಿಯುತ್ತಿರುವವರು ನಮ್ಮವರೇ ಎಂಬುದು ಅಂದು ಎದೆಗೆ ನಾಟಿತು.

ಚರ್ಮದ ಮೇಲಿನ ಗಂಟು ಕಣ್ಣಿಗೆ ಕಾಣುತ್ತದೆ, ಫೋಟೊ ತೆಗೆಯಬಹುದು. ಒಳಗಿನದು ಕಾಣುವುದಿಲ್ಲ. ಚಿಲಿ ದೇಶದ ಆಂಟೊಫಗಾಸ್ಟಾ ನಗರ 1958ರಿಂದ 1970ರವರೆಗೆ ಲೀಟರಿಗೆ 800 ಮೈಕ್ರೋಗ್ರಾಂ ಮೀರಿದ ಆರ್ಸೆನಿಕ್ ಇದ್ದ ನದಿನೀರನ್ನು ಕುಡಿಯಿತು. ಆಮೇಲೆ ಶುದ್ಧೀಕರಣ ಘಟಕ ಬಂತು. ಆದರೂ ದಶಕಗಳವರೆಗೆ ಅಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವುಗಳು ಬೇರೆ ಕಡೆಗಿಂತ ಹೆಚ್ಚೇ ಇದ್ದವು. ಕ್ಷಯದ ಸಾವುಗಳೂ ಏರಿದ್ದು ಲೆಕ್ಕಕ್ಕೆ ಸಿಕ್ಕಿತು. ಆರ್ಸೆನಿಕ್‌ಗೆ ಒಡ್ಡಿದ ಟಿ-ಕೋಶಗಳು ಪ್ರಚೋದಿಸಿದರೂ ಸರಿಯಾಗಿ ವಿಭಜನೆಯಾಗುವುದಿಲ್ಲ, ಐಎಲ್-2 ಎಂಬ ಸಂದೇಶ ಪ್ರೋಟೀನನ್ನು ಕಡಿಮೆ ಸ್ರವಿಸುತ್ತವೆ. ಮೊನೊಸೈಟ್‌ಗಳು ಮ್ಯಾಕ್ರೊಫೇಜ್ ಆಗುವ ಹಾದಿಯಲ್ಲೇ ಮುಗ್ಗರಿಸುತ್ತವೆ. ಕ್ಷಯದ ಬ್ಯಾಕ್ಟೀರಿಯಾವನ್ನು ಹಿಡಿದಿಡಬೇಕಾದವು ಇವೇ ಎರಡು. ಹಾಗಾದರೆ ನಮ್ಮ ತಾಂಡಾದ ಜನರ ಟಿ-ಕೋಶಗಳು ಹೇಗಿವೆ? ನನ್ನ ಪ್ರಶ್ನೆ ಇಷ್ಟೇ ಇತ್ತು. ಅದಕ್ಕೆ ಉತ್ತರ ಬೇಕಾದರೆ ಕೋಶಗಳು ಜೀವಂತವಾಗಿ ನನ್ನ ಕೈಗೆ ಬರಬೇಕು.

ಟ್ಯೂಬಿಗೆ ಬಿದ್ದ ಮೇಲೂ ರಕ್ತ ಜೀವಂತ ವಸ್ತುವೇ. ಹೆಪಾರಿನ್ ಹಾಕಿದ ಹಸಿರು ಮುಚ್ಚಳದ ಟ್ಯೂಬಿನಲ್ಲಿ, ಹದವಾದ ಕೋಣೆಯ ಉಷ್ಣತೆಯಲ್ಲಿ, ಸುಮಾರು ಎಂಟು ಗಂಟೆಯೊಳಗೆ ಅದನ್ನು ಬೇರ್ಪಡಿಸಿದರೆ ಕೆಲಸ ಚೆನ್ನಾಗಿ ಆಗುತ್ತದೆ. ಫೈಕಾಲ್ ಎಂಬ ದ್ರವದ ಮೇಲೆ ರಕ್ತವನ್ನು ನಿಧಾನವಾಗಿ ಸುರಿದು, ಬ್ರೇಕ್ ಹಾಕದೆ ಅರ್ಧ ಗಂಟೆ ತಿರುಗಿಸಿದರೆ ಕೆಂಪುಕಣ ಮತ್ತು ನ್ಯೂಟ್ರೊಫಿಲ್ ತಳಕ್ಕೆ ಹೋಗುತ್ತವೆ. ನಡುವೆ ಬಿಳಿಯ ತೆಳು ಉಂಗುರ ನಿಲ್ಲುತ್ತದೆ. ನಮಗೆ ಬೇಕಾದ ಲಿಂಫೊಸೈಟ್, ಮೊನೊಸೈಟ್‌ಗಳು ಇರುವುದು ಅಲ್ಲಿಯೇ. ರಾತ್ರಿಯಿಡೀ ಐಸ್ ಮೇಲಿಟ್ಟ ರಕ್ತದಲ್ಲಿ ನ್ಯೂಟ್ರೊಫಿಲ್‌ಗಳ ಸಾಂದ್ರತೆ ಬದಲಾಗಿ, ತಳಕ್ಕೆ ಇಳಿಯದೆ ಉಂಗುರದೊಳಗೇ ಸೇರಿಕೊಳ್ಳುತ್ತವೆ. ಪ್ಲೇಟ್‌ಲೆಟ್‌ಗಳು ಕೆರಳಿ ಅಂಟಿಕೊಳ್ಳುತ್ತವೆ. ಆ ಮೇಲೆ ಯಾವ ಟಿ-ಕೋಶ ಸುಮ್ಮನಿದೆಯೋ, ಅದು ಆರ್ಸೆನಿಕ್‌ನಿಂದಲೋ ಐಸ್‌ನಿಂದಲೋ ಎಂದು ಬ್ರಹ್ಮನೂ ಹೇಳಲಾರ.

ಇದನ್ನೆಲ್ಲ ಯೋಜನೆಯ ಸಂಯೋಜಕರಿಗೆ ಬಾಯಲ್ಲಿ ಹೇಳಿದ್ದೆ, ಬರೆದೂ ಕೊಟ್ಟಿದ್ದೆ. ಅವರ ಕೈಯಲ್ಲಿ ಒಂದು ನಿಯಮಪತ್ರ ಇತ್ತು: ಎಲ್ಲ ಜೈವಿಕ ಮಾದರಿಗಳನ್ನೂ ಕೋಲ್ಡ್ ಚೈನ್‌ನಲ್ಲಿ ಸಾಗಿಸತಕ್ಕದ್ದು. ಲಸಿಕೆಗೆ, ಸೀರಮ್‌ಗೆ, ಮೂತ್ರಕ್ಕೆ ಆ ನಿಯಮ ಸರಿ. ಜೀವಂತ ಕೋಶಕ್ಕೆ ಅಲ್ಲ. ‘ಆಡಿಟ್‌ನಲ್ಲಿ ಕೇಳಿದರೆ ನೀವು ಬಂದು ಉತ್ತರ ಕೊಡ್ತೀರಾ?’ ಎಂದರು. ಕೊಡುತ್ತೇನೆ ಎಂದೆ. ಸುರಪುರದಲ್ಲೇ ಕೋಣೆ ಹಿಡಿದು ಕೋಶ ಬೇರ್ಪಡಿಸೋಣ, ಒಂದು ಚಿಕ್ಕ ಸೆಂಟ್ರಿಫ್ಯೂಜ್ ಕೊಡಿಸಿ ಎಂದು ಮೊದಲೇ ಕೇಳಿದ್ದೆ. ‘ಬೆಂಗಳೂರಲ್ಲಿ ಇದೆಯಲ್ಲ’ ಎಂದು ಕಡತ ಮುಚ್ಚಿದ್ದರು. ಒಂದು ಸೆಂಟ್ರಿಫ್ಯೂಜಿನ ಬೆಲೆಗೆ ಅವರು ಉಳಿಸಿದ್ದೇನು, ಕಳೆದದ್ದೇನು ಎಂದು ಈಗಲೂ ಕೇಳಬೇಕೆನಿಸುತ್ತದೆ.

ಮೊದಲ ಶಿಬಿರ ಮಾರ್ಚ್‌ನಲ್ಲಿ ಆಯಿತು. ಬೆಳಿಗ್ಗೆಯಿಂದಲೇ ಬಿಸಿಲು ಕಾದಿತ್ತು. ಶಾಲೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತೆವು. ಕನ್ನಡದಲ್ಲಿ ಬರೆದಿದ್ದ ಒಪ್ಪಿಗೆ ಪತ್ರವನ್ನು ತಾಂಡಾದ ಹುಡುಗಿಯೊಬ್ಬಳು ಲಂಬಾಣಿಯಲ್ಲಿ ಎಲ್ಲರಿಗೂ ಓದಿ ಹೇಳಿದಳು. ಕೆಲಸದ ಕೂಲಿ ಬಿಟ್ಟು ಬಂದವರಿದ್ದರು. ವಯಸ್ಸಾದ ಹೆಂಗಸೊಬ್ಬರು ಅಂಗೈ ಚಾಚಿ ಕುಳಿತರು. ಅಂಗೈ ತುಂಬ ಜೋಳದ ಕಾಳಿನಷ್ಟು ಗಟ್ಟಿ ಗಂಟುಗಳು. ನಡುವೆ ಸೀಳು, ಸೀಳಿನಲ್ಲಿ ಹಿಟ್ಟಿನ ಬಿಳುಪು. ರೊಟ್ಟಿ ಬಡಿಯುವಾಗ ಉರಿಯುತ್ತದೆ ಎಂದರು. ಒಣಗಿದ ಕೈಯಲ್ಲಿ ನರ ಸಿಗದೆ ಎರಡು ಸಲ ಚುಚ್ಚಬೇಕಾಯಿತು. ಅವರು ಮುಖ ಸಿಂಡರಿಸಲಿಲ್ಲ, ‘ತಗೀರಿ’ ಎಂದರು.

ಸಂಜೆ ನಾನು ನೀರಿನ ಮಾದರಿ ತುಂಬಿಸಲು ಕೊಳವೆಬಾವಿಗಳ ಕಡೆ ಹೋಗಿದ್ದೆ. ರಕ್ತದ ಪೆಟ್ಟಿಗೆಯನ್ನು ನಾನೇ ಕಟ್ಟಿಟ್ಟಿದ್ದೆ: ಥರ್ಮಾಕೋಲ್ ಪೆಟ್ಟಿಗೆ, ಸುತ್ತ ಇಪ್ಪತ್ತೆರಡು ಡಿಗ್ರಿಗೆ ತಂದ ನೀರಿನ ಚೀಲಗಳು, ನಡುವೆ ಥರ್ಮಾಮೀಟರ್. ಯಾದಗಿರಿ ಸ್ಟೇಷನ್ನಿನಲ್ಲಿ ಪೆಟ್ಟಿಗೆ ನನ್ನ ಕೈಗೆ ಬಂದಾಗ ಗಮ್ ಟೇಪು ಹೊಸದಾಗಿತ್ತು. ಮುದ್ರೆ ಹಾಕಲು ಸುತ್ತಿರಬೇಕು ಎಂದುಕೊಂಡೆ. ರೈಲು ರಾಯಚೂರು ದಾಟಿದ ಮೇಲೆ ಉಷ್ಣತೆ ನೋಡೋಣವೆಂದು ಟೇಪು ಬಿಚ್ಚಿದೆ. ನನ್ನ ನೀರಿನ ಚೀಲಗಳು ಇರಲಿಲ್ಲ. ಹೆಪ್ಪುಗಟ್ಟಿದ ಜೆಲ್ ಪ್ಯಾಕುಗಳನ್ನು ತುಂಬಿದ್ದರು. ಟ್ಯೂಬುಗಳ ಮೈಮೇಲೆ ನೀರು ಕಟ್ಟಿತ್ತು. ಥರ್ಮಾಮೀಟರಿನಲ್ಲಿ ಮೂರು ಡಿಗ್ರಿ. ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಮಡಚಿಟ್ಟ ಒಂದು ಚೀಟಿ: ‘ನಿಯಮಾನುಸಾರ ಪ್ಯಾಕ್ ಮಾಡಲಾಗಿದೆ.’

ಬೋಗಿಯಲ್ಲಿ ಎಲ್ಲರೂ ಮಲಗಿದ್ದರು. ಜೆಲ್ ಪ್ಯಾಕುಗಳನ್ನು ಒಂದೊಂದಾಗಿ ಹೊರಗೆ ತೆಗೆದೆ. ಟ್ಯೂಬುಗಳನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೆ. ಪ್ರಯೋಜನವಿಲ್ಲ ಎಂದು ಗೊತ್ತಿತ್ತು; ಅದಾಗಲೇ ಗಂಟೆಗಳು ಕಳೆದಿದ್ದವು. ಸಂಯೋಜಕರಿಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಗುಂತಕಲ್‌ನಲ್ಲಿ ಪ್ಲಾಟ್‌ಫಾರ್ಮಿಗೆ ಇಳಿದು ಮತ್ತೆ ಮಾಡಿದೆ. ಬೆಂಗಳೂರು ಸೇರುವಷ್ಟರಲ್ಲಿ ಬೆಳಗಾಗಿತ್ತು. ಪ್ರಯೋಗಾಲಯಕ್ಕೆ ಓಡಿ, ಫೈಕಾಲ್ ಮೇಲೆ ರಕ್ತ ಸುರಿದು ತಿರುಗಿಸಲು ಇಟ್ಟೆ. ಅರ್ಧ ಗಂಟೆಯ ನಂತರ ಮುಚ್ಚಳ ತೆಗೆದರೆ ಉಂಗುರವೇ ಇಲ್ಲ. ಆ ಜಾಗದಲ್ಲಿ ಕೆಂಪು ಬೆರೆತ ಕಲಕು ಪದರ. ಅದರ ಒಂದು ಹನಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕಂಡದ್ದು ಹೋಳುಹೋಳಾದ ನ್ಯೂಕ್ಲಿಯಸ್ಸಿನ ನ್ಯೂಟ್ರೊಫಿಲ್‌ಗಳ ಜಾತ್ರೆ. ಒಂದಾದ ಮೇಲೊಂದು ಟ್ಯೂಬು, ಎಲ್ಲವೂ ಹಾಗೆಯೇ. ಆ ಹೆಂಗಸಿನ ಟ್ಯೂಬನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದೂ ಹಾಗೆಯೇ.

ಸಭೆಯಲ್ಲಿ ಸಂಯೋಜಕರು ‘ಸಾಗಾಟದಲ್ಲಿ ವ್ಯತ್ಯಯ’ ಎಂದು ಬರೆಸಿದರು. ನಾನು ಸಹಿ ಹಾಕಲಿಲ್ಲ. ‘ನನ್ನ ಲಿಖಿತ ಸೂಚನೆಗೆ ವಿರುದ್ಧವಾಗಿ ಐಸ್ ತುಂಬಲಾಗಿದೆ’ ಎಂದು ಬರೆದರೆ ಮಾತ್ರ ಸಹಿ ಎಂದು ಪಟ್ಟು ಹಿಡಿದೆ. ನನ್ನನ್ನು ಹಟಮಾರಿ ಎಂದವರಿದ್ದಾರೆ. ಆ ಹಟದಿಂದಲೇ ಸೆಂಟ್ರಿಫ್ಯೂಜ್ ಮಂಜೂರಾಯಿತು ಎಂಬುದನ್ನೂ ಅವರು ಹೇಳಬೇಕು. ಅದೇ ಸಭೆಯಲ್ಲಿ ಹಿರಿಯರೊಬ್ಬರು, ಹೋಲಿಕೆಗೆ ಬೆಂಗಳೂರಿನ ರಕ್ತದಾನಿಗಳ ಕೋಶಗಳೇ ಸಾಕು, ಖರ್ಚು ಉಳಿಯುತ್ತದೆ ಎಂದರು. ಅದನ್ನೂ ಒಪ್ಪಲಿಲ್ಲ. ನಗರದ ದಾನಿಗೂ ತಾಂಡಾದ ಕೂಲಿಗೂ ಊಟ ಬೇರೆ, ಹೊಟ್ಟೆಹುಳು ಬೇರೆ, ತಂಬಾಕು ಬೇರೆ, ಕ್ಷಯದ ಸೋಂಕು ಬೇರೆ. ಇವೆಲ್ಲವೂ ಟಿ-ಕೋಶವನ್ನು ಬದಲಿಸುತ್ತವೆ. ಹೋಲಿಕೆಯ ಜನ ಅದೇ ಸೀಮೆಯವರಾಗಿರಬೇಕು, ಅದೇ ಜೋಳ ತಿಂದು ಅದೇ ಹೊಲದಲ್ಲಿ ದುಡಿಯುವವರಾಗಿರಬೇಕು. ನೀರು ಮಾತ್ರ ಬೇರೆಯದಾಗಿರಬೇಕು.

ಎರಡನೇ ಸಲ ಹೋಗಲು ದೀಪಾವಳಿಯನ್ನು ಆರಿಸಿಕೊಂಡೆ. ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋದವರು ಆಗ ತಾಂಡಾಕ್ಕೆ ಮರಳಿರುತ್ತಾರೆ. ಅದೇ ಹೆಂಗಸು ನನ್ನನ್ನು ಗುರುತಿಸಿ ಕೇಳಿದರು: ‘ಮತ್ತ ರಕ್ತ ತಗೀತೀರೇನ್ರಿ? ಹೋದ ಸಲದ್ದು ಏನಾತು?’ ಕೆಟ್ಟುಹೋಯಿತು, ಕೆಡಿಸಿದವರು ನಮ್ಮ ಕಡೆಯವರೇ ಎಂದು ನೇರವಾಗಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸೆರಗು ಸರಿಸಿ ಕೈ ಚಾಚಿದರು. ಅವರ ಪಕ್ಕದಲ್ಲಿ ಕುಳಿತಿದ್ದ ಇಬ್ಬರು ಗಂಡಸರು ಎದ್ದು ಹೋದರು. ಅವರನ್ನು ನಾನು ಕರೆಯಲಿಲ್ಲ. ಹಾಗೆ ಕರೆಯುವ ಹಕ್ಕು ನಮಗೆ ಉಳಿದಿರಲಿಲ್ಲ.

ಸುರಪುರದ ಬಾಡಿಗೆ ಕೋಣೆಯಲ್ಲಿ ಸೆಂಟ್ರಿಫ್ಯೂಜ್ ನಿಂತಿತು. ಮೇಜಿನ ಕಾಲಿಗೆ ಮಡಚಿದ ಕಾಗದ ಕೊಟ್ಟು ಮಟ್ಟ ನೋಡಿದೆವು. ಕರೆಂಟು ಹೋದರೆ ಇರಲಿ ಎಂದು ಮದುವೆ ಶಾಮಿಯಾನದವರ ಜನರೇಟರ್ ತರಿಸಿದೆವು; ಮನೆಯ ಇನ್ವರ್ಟರ್ ಆ ಯಂತ್ರದ ಮೊದಲ ಎಳೆತಕ್ಕೆ ತಡೆಯುವುದಿಲ್ಲ. ಬೇರ್ಪಡಿಸಿದ ಕೋಶಗಳನ್ನು ಹೆಪ್ಪುಗಟ್ಟಿಸಿ ತರುವುದೇ ದೊಡ್ಡ ಚಿಂತೆಯಾಗಿತ್ತು. ದಾರಿ ತೋರಿಸಿದವರು ಒಬ್ಬ ಪಶುವೈದ್ಯರು. ಎಮ್ಮೆ, ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಇಡುತ್ತಾರಲ್ಲ, ಅದು ಪಶು ಆಸ್ಪತ್ರೆಯಲ್ಲಿ ಇದ್ದೇ ಇರುತ್ತದೆ. ಖಾಲಿಯಿದ್ದ ಒಂದು ಕ್ಯಾನನ್ನು ತುಂಬಿಸಿ ಕೊಟ್ಟರು. ಶೇ 10 ಡಿಎಂಎಸ್‌ಒ ಬೆರೆಸಿದ ಕೋಶಗಳ ಸೀಸೆಗಳನ್ನು ಮೊದಲು ನೈಟ್ರೋಜನ್‌ನ ಹಬೆಯಲ್ಲಿ ತೂಗುಬಿಟ್ಟು ನಿಧಾನವಾಗಿ ತಣಿಸಿ, ಆಮೇಲೆ ದ್ರವದೊಳಗೆ ಇಳಿಸಿದೆವು. ಬೆಂಗಳೂರಿನಲ್ಲಿ ಕರಗಿಸಿ ಟ್ರಿಪಾನ್ ನೀಲಿ ಹಾಕಿದಾಗ ಬಹುಪಾಲು ಕೋಶಗಳು ನೀಲಿಯಾಗದೆ ಹೊಳೆಯುತ್ತಿದ್ದವು, ಎಂದರೆ ಬದುಕಿದ್ದವು. ನನ್ನ ವೃತ್ತಿಯಲ್ಲಿ ಅಷ್ಟು ಸಂತೋಷ ಕೊಟ್ಟ ನೋಟ ಬೇರೊಂದಿಲ್ಲ.

ಈ ದಾರಿ ಹಿಡಿಯುವವರಿಗೆ ಇನ್ನು ಕೆಲವು ಮಾತು. ಪೆಟ್ಟಿಗೆ ನಿಮ್ಮ ಕೈಯಿಂದ ಆಚೆ ಹೋಗದಿರಲಿ. ಹೋಗಲೇಬೇಕಾದರೆ ಉಷ್ಣತೆ ದಾಖಲಿಸುವ ಸಾಧನವನ್ನು ಒಳಗಿಡಿ. ಸೂಚನೆಯನ್ನು ಬರೆದೇ ಕೊಡಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ತಟ್ಟೆಯಲ್ಲಿ ಕೋಶಗಳಿಗೆ ಆರ್ಸೆನಿಕ್ ಹಾಕುವವರು ಲೆಕ್ಕ ನೋಡಿ ಹಾಕಿ: ಒಂದು ಮೈಕ್ರೋಮೋಲಾರ್ ಎಂದರೆ ಲೀಟರಿಗೆ ಸುಮಾರು 75 ಮೈಕ್ರೋಗ್ರಾಂ. ಕಿರದಳ್ಳಿಯ ಅತಿ ಕೆಟ್ಟ ನೀರೇ ನಾಲ್ಕು ಮೈಕ್ರೋಮೋಲಾರ್. ರಕ್ತದಲ್ಲಿ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಐವತ್ತು ಹಾಕಿ ಕೋಶ ಸತ್ತಿತು ಎಂದು ಬರೆದರೆ ಅದರಿಂದ ತಾಂಡಾದ ಬಗ್ಗೆ ಏನೂ ತಿಳಿಯುವುದಿಲ್ಲ. ನೀರಿನ ವರದಿ ಬಂದ ಕೂಡಲೇ ಜನರಿಗೆ ಕೊಡಿ, ಪ್ರಬಂಧ ಪ್ರಕಟವಾಗುವವರೆಗೆ ಹಿಡಿದಿಡಬೇಡಿ. ನಾವು ವರದಿ ಓದಿ ಹೇಳಿದ ದಿನ ಯಾರೂ ಟಿ-ಕೋಶದ ಬಗ್ಗೆ ಕೇಳಲಿಲ್ಲ. ಯಾವ ಬೋರಿನ ನೀರು ಕುಡಿಯಬಹುದು, ಕಾಯಿಸಿದರೆ ಹೋಗುತ್ತದೆಯೇ ಎಂದು ಕೇಳಿದರು. ಹೋಗುವುದಿಲ್ಲ, ನೀರು ಇಂಗಿ ಆರ್ಸೆನಿಕ್ ಇನ್ನೂ ದಟ್ಟವಾಗುತ್ತದೆ ಎಂದೆವು.

ಆ ಹೆಂಗಸು ಸೊಸೆಯನ್ನು ಮುಂದೆ ತಂದು ನಿಲ್ಲಿಸಿದರು. ಕಂಕುಳಲ್ಲಿ ಎಳೆ ಕೂಸು. ಇಂಥ ನೀರು ಕುಡಿದವಳು ಮಗುವಿಗೆ ಹಾಲೂಡಿಸಬಹುದೇ ಎಂಬುದು ಅವರ ಪ್ರಶ್ನೆ. ಊಡಿಸಲಿ, ನಿಲ್ಲಿಸಲೇಬಾರದು ಎಂದೆ. ಆರ್ಸೆನಿಕ್ ಗರ್ಭದಲ್ಲಿ ಮಗುವಿಗೆ ದಾಟುತ್ತದೆ, ಎದೆಹಾಲಿಗೆ ಇಳಿಯುವುದು ತೀರ ಕಡಿಮೆ. ಅಪಾಯ ಇರುವುದು ಬೋರಿನ ನೀರಿನಲ್ಲಿ ಕಲಸಿದ ಪುಡಿಹಾಲಿನಲ್ಲಿ. ಮನೆಯಲ್ಲಿ ಡಬ್ಬಿ ಇದೆ, ನಿನ್ನೆಯಿಂದ ಕಲಸಿ ಕೊಡುತ್ತಿದ್ದೇವೆ ಎಂದು ಸೊಸೆ ಮೆಲ್ಲಗೆ ಹೇಳಿದಳು. ಅತ್ತೆ ಅಲ್ಲಿಂದಲೇ ಮೊಮ್ಮಗನನ್ನು ಕೂಗಿ, ಆ ಡಬ್ಬಿ ಒಳಗಿಡು ಎಂದರು.